ಎರಡು ಬೆರಳು ಹೊರಗೆ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಆ ಹಿರಿಯರ ಬೆಸುಗೆ ಸೋರುತ್ತದೆ ಎಂದು ನಾಲ್ಕು ಜನರ ಎದುರು ಹೇಳಿದವನು, ನನಗೆ ತಿಳಿದಂತೆ, ನಾನೊಬ್ಬನೇ. ಹೇಳಿದ್ದು ಸುಳ್ಳು. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರೆಂದು ಫೋನ್ ಬಂದಾಗ ಮೊದಲು ನೆನಪಾದದ್ದು ಅವರ ಮುಖವಲ್ಲ, ನನ್ನ ಆ ಮಾತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಗೇ ಒಂದು ಬೋರ್ಡು ಹಾಕಿಸದೆ ಬದುಕಿದವರು ಅವರು. ಅಚ್ಚಿನಲ್ಲಿ ತಮ್ಮ ಹೆಸರು ಕಂಡಿದ್ದರೆ ಸಂಕೋಚದಿಂದ ಪೇಪರು ಮಡಚಿ ಇಟ್ಟುಬಿಡುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಎಲ್ಲ ಎಡವಟ್ಟು ಶುರುವಾದದ್ದು ಆ ಸರ್ ಎನ್ನುವುದರಿಂದಲೇ.

ನಾನು ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ನೀರು ಹೇಗೆ ಹರಿಯುತ್ತದೆ, ಗಾಳಿ ಹೇಗೆ ಹರಿಯುತ್ತದೆ ಎಂಬುದು ನನ್ನ ಪಾಠ. ಮನೆ ಧಾರವಾಡದಲ್ಲಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ವರ್ಷ ಕೂತು, ನಿಂತು, ಮಲಗಿ ನಾನೊಂದು ಸ್ಪೋರ್ಟ್ಸ್ ಕಾರು ಕಟ್ಟಿದೆ. ಅದರ ಎಂಜಿನ್ನು ಮುಂದಿನ ಬಾನೆಟ್ಟಿನ ಕೆಳಗೂ ಇಲ್ಲ, ತೀರ ಹಿಂದಿನ ಡಿಕ್ಕಿಯಲ್ಲೂ ಇಲ್ಲ. ನಡುವೆ, ಓಡಿಸುವವನ ಬೆನ್ನಿಗೇ ಇದೆ. ಅಪಘಾತದಲ್ಲಿ ನಜ್ಜುಗುಜ್ಜಾದ ಒಂದು ಸಣ್ಣ ಕಾರಿನಿಂದ ಬಿಚ್ಚಿ ತಂದ ಎಂಜಿನ್ನು ಅದು. ಮನೆಯಲ್ಲಿ ಕಟ್ಟಿದ ಗಾಡಿಗೆ ನಂಬರು ಸಿಗುವುದು ಹೆಚ್ಚುಕಡಿಮೆ ಆಗದ ಮಾತಾದ್ದರಿಂದ ಅದನ್ನು ಸರ್ಕಾರಿ ರಸ್ತೆಗೆ ಇಳಿಸುವ ಹಾಗಿರಲಿಲ್ಲ. ನನ್ನ ಹೆಂಡತಿ ಅದನ್ನು ನೋಡಿ ಹೇಳಿದ್ದು ಇಷ್ಟೇ: "ಎರಡ ಸೀಟು. ಸಂತಿ ಚೀಲ ಇಡಾಕ ಜಾಗ ಇಲ್ಲ. ರೋಡಿಗೆ ತರೂಹಂಗಿಲ್ಲ. ಇದಕ್ಕ ಕಾರ್ ಅನ್ನೂದರ ಯಾಕ್ರಿ?"

ಇಂಥ ಕಾರಿಗೆ ಒಂದು ಹುಟ್ಟು ತೊಂದರೆ ಇದೆ. ಮುಂದೆ ಎಂಜಿನ್ನಿದ್ದರೆ ಎದುರುಗಾಳಿ ಸಲೀಸಾಗಿ ಸಿಗುತ್ತದೆ. ಬೆನ್ನ ಹಿಂದೆ ಮುಚ್ಚಿದ ಗೂಡಿನಲ್ಲಿ ಕೂತ ಎಂಜಿನ್ನು ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಉಬ್ಬಸಪಡುತ್ತದೆ. ಅದಕ್ಕೆ ಎರಡೂ ಬಾಗಿಲುಗಳ ಹಿಂದೆ ಒಂದೊಂದು ತೆರೆದ ಬಾಯಿ ಇಡಬೇಕು. ಕಾರು ಓಡಿದಂತೆ ತಣ್ಣನೆಯ ಗಾಳಿ ಅದರೊಳಗೆ ನುಗ್ಗಿ ಕೊಳವೆಯಲ್ಲಿ ಹಾದು ಎಂಜಿನ್ನಿಗೆ ಹೋಗಬೇಕು. ನಮ್ಮ ಪುಸ್ತಕಗಳಲ್ಲಿ ಅದು ರ್‍ಯಾಮ್ ಏರ್ ಇಂಟೇಕ್. ಕಾಕಾ ಅದನ್ನು ಮೊದಲ ದಿನವೇ ಗಾಳಿಬಾಯಿ ಎಂದರು. ಆಮೇಲೆ ನಮ್ಮ ಮನೆಯಲ್ಲಿ ಬೇರೆ ಹೆಸರು ಉಳಿಯಲಿಲ್ಲ.

ಅವರ ಬಳಿಗೆ ನನ್ನನ್ನು ಕಳಿಸಿದ್ದು ಹೆಂಡತಿ. ನಮ್ಮ ಅಡುಗೆಮನೆಯ ಶೇಂಗಾ ಎಣ್ಣೆ ಡಬ್ಬಿ ಅವರ ಕೈಯದು. "ಹನ್ನೆರಡ ವರ್ಷ ಆತು, ಕೆಳಗ ಒಂದ ಜಿಡ್ಡಿನ ಕಲಿ ಇಲ್ಲ," ಎಂದು ಅವಳು ಆ ಡಬ್ಬಿಯನ್ನು ಎತ್ತಿ ತೋರಿಸಿದ್ದಳು. ಅಂಗಡಿ ಎಂದರೆ ಒಂದು ಕಿರಿದಾದ ಪಡಸಾಲೆ. ಗೋಡೆಯ ತುಂಬ ಆಲಿಕೆ, ಸೇರು, ಎಣ್ಣೆ ಅಳೆಯುವ ಪಾವು. ನಡುವೆ ಗೋಣಿತಟ್ಟಿನ ಮೇಲೆ ಬಿಳಿ ಟೊಪ್ಪಿಗೆಯ ಸಣ್ಣ ದೇಹದ ಮನುಷ್ಯ. ಅವರು ಡಬ್ಬಿ ಮಾಡಿ ಮುಗಿಸಿದ ಕೂಡಲೇ ಕೊಡುತ್ತಿರಲಿಲ್ಲ. ಬಾಯಿತನಕ ನೀರು ತುಂಬಿ, ಹಳೆಯ ಪೇಪರಿನ ಮೇಲೆ ಇಟ್ಟು, ಮರುದಿನ ಬರ್ರಿ ಎನ್ನುತ್ತಿದ್ದರು. ಮರುದಿನ ಡಬ್ಬಿ ಎತ್ತಿ, ಪೇಪರನ್ನು ಬೆಳಕಿಗೆ ಹಿಡಿದು, ಗಿರಾಕಿಗೆ ತೋರಿಸುತ್ತಿದ್ದರು. ಒದ್ದೆ ಕಲೆ ಇಲ್ಲ ಎಂದು ಗಿರಾಕಿ ತಲೆಯಾಡಿಸಿದ ಮೇಲೆಯೇ ಡಬ್ಬಿ ಕೈ ಬದಲಾಗುತ್ತಿತ್ತು. ಅವಸರದ ಮಂದಿ ರೇಗುತ್ತಿದ್ದರು. ಕಾಕಾ ಮಾತ್ರ ಯಾರ ಅವಸರವನ್ನೂ ತಮ್ಮ ಮೇಲೆ ಹಾಕಿಕೊಂಡದ್ದನ್ನು ನಾನು ಕಾಣೆ.

ಅವರು ಉಪ್ಪಿನಬೆಟಗೇರಿಯ ಕಡೆಯ ಒಕ್ಕಲು ಮನೆತನದವರು. ಹರೆಯದಲ್ಲಿ ಹುಬ್ಬಳ್ಳಿಗೆ ಬಂದು ಹತ್ತಿಯ ಜಿನ್ನಿಂಗ್ ಮಿಲ್ಲೊಂದರಲ್ಲಿ ಸೇರಿ, ಅದು ಮುಚ್ಚುವ ತನಕ ಅಲ್ಲಿದ್ದರು. ಆ ಮಿಲ್ಲಿನಲ್ಲಿ ಹತ್ತಿಯನ್ನು ಯಾರೂ ಹೊತ್ತು ಒಯ್ಯುತ್ತಿರಲಿಲ್ಲವಂತೆ; ದೊಡ್ಡ ಫ್ಯಾನಿನ ಗಾಳಿಯೇ ತಗಡಿನ ಕೊಳವೆಗಳಲ್ಲಿ ಅದನ್ನು ಎಳೆದು ಯಂತ್ರದಿಂದ ಯಂತ್ರಕ್ಕೆ ಮುಟ್ಟಿಸುತ್ತಿತ್ತು. ಕೊಳವೆ ಕಟ್ಟಿಕೊಂಡರೆ ಕಾಕಾ ಅದಕ್ಕೆ ಕಿವಿ ಹಚ್ಚಿಕೊಂಡು ಉದ್ದಕ್ಕೂ ನಡೆದು, ಇಲ್ಲೇ ಎಂದು ಬೆರಳಿಡುತ್ತಿದ್ದರಂತೆ. ಬಿಚ್ಚಿದರೆ ಹತ್ತಿಯ ಮುದ್ದೆ ಅಲ್ಲೇ ಇರುತ್ತಿತ್ತು. ಇದನ್ನು ಅವರೇ ಹೇಳಿದ್ದಲ್ಲ, ಮಿಲ್ಲಿನ ಹಳೆಯ ಗೆಳೆಯರೊಬ್ಬರು ಅಂಗಡಿಯ ಕಟ್ಟೆಗೆ ಕೂತು ಹೇಳಿದ್ದು. ಕಾಕಾ ಆಗ ತಗಡನ್ನು ಸ್ವಲ್ಪ ಜೋರಾಗಿಯೇ ಬಡಿಯುತ್ತಿದ್ದರು.

ಗಾಳಿಯ ಬಗ್ಗೆ ಅವರು ಮನೆಯ ಮಂದಿಯ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದರು. "ಗಾಳಿನ ದಬ್ಬಬಾರದ್ರಿ, ಕರಿಬೇಕು. ಒಮ್ಮೆಲೆ ತಿರುವ ಹಾಕಿದ್ರ ಸಿಟ್ಟಾಗತೈತಿ." ಇನ್ನೊಂದು ಮಾತಿಗೆ ನಾನು ಮನಸಾರೆ ನಕ್ಕಿದ್ದೆ: "ಗ್ವಾಡಿ ಹತ್ರದ ಗಾಳಿ ಮೈಗಳ್ಳ ಇರತೈತ್ರಿ. ನಡುವಿಂದ ದುಡಿಯೂದು." ಕೊಳವೆಯ ಅಂಚಿಗೆ ಹತ್ತಿದ ಅರಳೆ ತೂಕಡಿಸುತ್ತ ಹೋದರೆ ನಡುವಿನದು ಹಾರಿ ಹೋಗುವುದನ್ನು ಇಪ್ಪತ್ತು ವರ್ಷ ನೋಡಿದವರ ಮಾತು ಅದು. ಇದನ್ನೇ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ನಾಲ್ಕು ಸಮೀಕರಣ ಬರೆದು, ಸೀಮಾ ಪದರ ಎಂಬ ಹೆಸರಿಟ್ಟು ಪಾಠ ಮಾಡುತ್ತೇನೆ. ಅಂಥ ನಾನು ನಕ್ಕು ಚಹಾ ಕುಡಿದು ಎದ್ದು ಬಂದೆ.

ಧಾರವಾಡದ ಕಡೆಯ ನಯ ಎನ್ನುತ್ತಾರಲ್ಲ, ಅದು ಕಾಕಾನಲ್ಲಿ ಎಷ್ಟು ತುಂಬಿತ್ತೆಂದರೆ ಅವರ ಬಾಯಿಂದ ಇಲ್ಲ ಎನ್ನುವ ಮಾತು ಹೊರಡುತ್ತಲೇ ಇರಲಿಲ್ಲ. ಒಪ್ಪಿಗೆ ಇದ್ದರೆ "ಆತಲ್ರಿ." ಆಗದ ಕೆಲಸವಾದರೆ "ನೋಡೋಣಂತ್ರಿ." ನೀವು ತೀರ ಹುಚ್ಚುಹುಚ್ಚಾಗಿ ಮಾತಾಡುತ್ತಿದ್ದೀರಿ ಎನ್ನಬೇಕಾದರೆ "ಹಂಗಂತೀರಿ?" ಈ ಮೂರನೆಯದರ ಅರ್ಥ ನನಗೆ ತಿಳಿಯಲು ಒಂದು ಎಂಜಿನ್ನು ಕಾಯಬೇಕಾಯಿತು.

ಗಾಳಿಬಾಯಿಯ ನಕಾಶೆ ತೆಗೆದುಕೊಂಡು ಹೋದ ದಿನ ಅವರು ಅದನ್ನು ತೊಡೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ನಾನು ಬಾಯಿಯನ್ನು ಅಗಲವಾಗಿ, ಕಾರಿನ ಮೈಗೆ ಸಮನಾಗಿ ಬರೆದಿದ್ದೆ.

"ಇದು ಮೈಗೆ ಹತ್ತೇ ಇರಬೇಕೇನ್ರಿ ಸರ್?"

"ಹೌದು ಕಾಕಾ."

"ಎರಡ ಬೆರಳ ಹೊರಗ ಬಂದ್ರ ನಡಿಯಂಗಿಲ್ಲೇನ್ರಿ?"

"ಕಿವಿ ಚಾಚಿದಂಗ ಕಾಣತೈತಿ ಕಾಕಾ. ಲೆಕ್ಕ ಎಲ್ಲಾ ಮಾಡೇನಿ, ಬಾಯಿ ದೊಡ್ಡದಿದ್ರ ಸಾಕು."

"ಹಂಗಂತೀರಿ?" ಎಂದರು. ಆಮೇಲೆ ಕತ್ತರಿ ಎತ್ತಿಕೊಂಡರು.

ವಾರದೊಳಗೆ ಎರಡು ಗಾಳಿಬಾಯಿ, ಅವುಗಳ ಕೊಳವೆ ಸಿದ್ಧವಾದವು. ನಾನು ಮಿಲಿಮೀಟರಿನಲ್ಲಿ ಬರೆದದ್ದನ್ನು ಅವರು ಬೆರಳಿನಲ್ಲಿ, ಗೇಣಿನಲ್ಲಿ ಅಳೆದು ಮಾಡಿದ್ದರು, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮಡಿಕೆ, ಬೆಸುಗೆ ನೋಡಿದರೆ ಅದನ್ನು ಕಾರಿನೊಳಗೆ ಮುಚ್ಚಿಡಬೇಕಲ್ಲ ಎಂದು ಹೊಟ್ಟೆ ಉರಿಯುವಷ್ಟು ಚಂದ.

ಮೊದಲ ಓಟಕ್ಕೆ ಮುಗದದ ದಾರಿಯಲ್ಲಿ ಒಂದು ಖಾಸಗಿ ಲೇಔಟು ಸಿಕ್ಕಿತು. ಸೈಟುಗಳ ಕಲ್ಲು ನೆಟ್ಟಿದ್ದರು, ಡಾಂಬರು ಹಾಕಿದ್ದರು, ಮನೆ ಒಂದೂ ಎದ್ದಿರಲಿಲ್ಲ. ಯಜಮಾನರು ಒಂದು ಭಾನುವಾರ ಬೆಳಿಗ್ಗೆ ಓಡಿಸಿಕೊಳ್ಳಿ ಎಂದರು. ನನ್ನ ಕೊನೆಯ ವರ್ಷದ ವಿದ್ಯಾರ್ಥಿಗಳು ಹನ್ನೆರಡು ಜನ ಬಂದಿದ್ದರು. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಬಸ್ಸು ಬದಲಿಸಿ, ಎಲ್ಲರಿಗಿಂತ ಮೊದಲೇ ಬಂದು ಒಂದು ಸೈಟಿನ ಕಲ್ಲಿನ ಮೇಲೆ ಕೂತಿದ್ದರು. ನಾನು ಹೆಲ್ಮೆಟ್ಟು ಹಾಕಿಕೊಂಡು ಮದುಮಗನಂತೆ ಕಾರಿನೊಳಗೆ ಇಳಿದೆ. ಮೂರು ಸುತ್ತು ಚೆನ್ನಾಗಿಯೇ ಹೋಯಿತು. ನಾಲ್ಕನೆಯ ಸುತ್ತಿಗೆ ಬಿಸಿಯ ಮುಳ್ಳು ಏರತೊಡಗಿತು, ಎಂಜಿನ್ನು ಕೆಮ್ಮಿತು, ವೇಗ ಸತ್ತಿತು. ತಿರುವಿನಲ್ಲಿ ಕಾರು ನಿಂತೇಬಿಟ್ಟಿತು.

ವಿದ್ಯಾರ್ಥಿಗಳು ಓಡಿ ಬಂದರು. ಏನಾಯಿತು ಸರ್ ಎಂದರು. ಆರು ವರ್ಷದ ಕೆಲಸ, ಹನ್ನೆರಡು ಜೊತೆ ಕಣ್ಣು. ನನ್ನ ಬಾಯಿಂದ ಬಂದದ್ದು ಇದು: "ಬೆಸುಗೆ ಬಿಟ್ಟಿದೆ. ಗಾಳಿ ಸೋರುತ್ತಿದೆ. ಲೋಕಲ್ ಕೆಲಸ ಕೊಟ್ಟರೆ ಹೀಗೇ ಆಗುವುದು." ತಲೆ ಎತ್ತಿದರೆ ಕಾಕಾ ಅಲ್ಲೇ ನಿಂತಿದ್ದಾರೆ. ಅವರು ಬಗ್ಗಿ, ಬಿಸಿ ಕೊಳವೆಯ ಜೋಡಣೆಯ ಮೇಲೆ ಬೆರಳು ಆಡಿಸಿದರು. "ಹೌದ್ರಿ ಸರ್. ನಂದ ತಪ್ಪ ಇರಬೇಕು," ಎಂದರು. ಬಸ್ಸಿನ ಹೊತ್ತಾಯಿತೆಂದು ಹೊರಟೂಹೋದರು.

ಸಂಜೆ ಹೆಂಡತಿಗೆ ಇದನ್ನೇ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅವರ ಬೆಸಿಗಿ ಸೋರತೈತಿ? ನೀರ ಹಾಕಿ ನೋಡೀರೇನು?"

ನೋಡಿರಲಿಲ್ಲ. ಕೊಳವೆಯನ್ನು ಬಿಚ್ಚಿ, ಕೆಳಗಿನ ತುದಿಗೆ ಕಟ್ಟಿಗೆಯ ಬೆಣೆ ಜಡಿದು, ಸೈಕಲ್ ಟ್ಯೂಬು ಸುತ್ತಿ, ನೀರು ತುಂಬಿ ಪೇಪರಿನ ಮೇಲೆ ನಿಲ್ಲಿಸಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಪೇಪರು ಅಂಗಡಿಯಿಂದ ಈಗಷ್ಟೇ ತಂದಂತೆ ಗರಿಗರಿಯಾಗಿತ್ತು. ತಪ್ಪು ಎಲ್ಲಿತ್ತೆಂದು ತಿಳಿಯಲು ಆಮೇಲೆ ಲೆಕ್ಕದ ಅಗತ್ಯವೇ ಬೀಳಲಿಲ್ಲ. ಕಾರಿನ ಮೈಯೂ ಒಂದು ಗೋಡೆ. ಅದಕ್ಕೆ ಅಂಟಿಕೊಂಡು ಹರಿಯುವ ಗಾಳಿ ಮೈಗಳ್ಳ. ನಾನು ಆ ಮೈಗಳ್ಳ ಗಾಳಿಗೆ ಅಷ್ಟಗಲ ಬಾಯಿ ತೆರೆದು ಕೂತಿದ್ದೆ.

ಅಂದೇ ಕಮರಿಪೇಟೆಗೆ ಹೋದೆ. ಪೇಪರನ್ನೂ ಒಯ್ದಿದ್ದೆ. ತಪ್ಪಾಯಿತು ಎಂದೆ. ಕಾಕಾ ಪೇಪರನ್ನು ನೋಡಲೂ ಇಲ್ಲ. "ಇರ್ಲಿ ಬಿಡ್ರಿ. ಕುಂದರ್ರಿ, ಚಾ ತಗೋರಿ," ಎಂದು ಎದ್ದು, ಅಟ್ಟದ ಮೇಲಿಂದ ಗೋಣಿಚೀಲದಲ್ಲಿ ಸುತ್ತಿದ್ದ ಏನನ್ನೋ ಇಳಿಸಿದರು. ಇನ್ನೊಂದು ಜೋಡಿ ಗಾಳಿಬಾಯಿ. ಬಾಯಿ ಮೊದಲಿನದಕ್ಕಿಂತ ಚಿಕ್ಕದು. ಕಾರಿನ ಮೈಯಿಂದ ಸರಿಯಾಗಿ ಎರಡು ಬೆರಳು ಹೊರಗೆ ನಿಲ್ಲುವಂತೆ ನಡುವೆ ಸಂದು ಬಿಟ್ಟಿದ್ದರು. ಒಳಗೆ ಹೋದಂತೆ ಕೊಳವೆ ನಿಧಾನಕ್ಕೆ ಅಗಲವಾಗುತ್ತಿತ್ತು. ನಾನು ಮರೆತೇಬಿಟ್ಟಿದ್ದ ಒಂದು ಸಣ್ಣ ತೂತೂ ಕೆಳಗಿನ ಬಾಗಿನಲ್ಲಿ ಇತ್ತು, ಮಳೆಯ ನೀರು ಹೊಕ್ಕರೆ ಎಂಜಿನ್ನಿಗೆ ಹೋಗದೆ ಹೊರಗೆ ಬೀಳಲಿ ಎಂದು.

"ಯಾವಾಗ ಮಾಡಿದ್ರಿ ಕಾಕಾ?"

"ಅದರ ಜೋಡೀನ ಮಾಡಿದ್ನಿರಿ. ನೀವು ಕೇಳಿದ್ರ ಕೊಡಬೇಕಂತ ಇಟ್ಟಿದ್ದೆ."

"ಮೊದಲ ಯಾಕ ಹೇಳಲಿಲ್ಲ?"

ಅವರು ಬಸಿಯಲ್ಲಿ ಚಹಾ ಹುಯ್ದು ನನ್ನ ಕಡೆ ಸರಿಸಿದರು. "ನೀವು ಕಲಿಸೋರು. ನಾ ತಗಡ ಬಡಿಯಾಂವ. ನಿಮ್ಮ ಚಿತ್ರಾನ ತಪ್ಪಂತ ಹೆಂಗ ಅನ್ನೂದ್ರಿ?"

ಎರಡನೆಯ ಓಟಕ್ಕೆ ಕರೆದರೆ "ನೋಡೋಣಂತ್ರಿ" ಎಂದರು. ಬರಲಿಲ್ಲ. ಆ ದಿನ ಕಾರು ಇಪ್ಪತ್ತು ಸುತ್ತು ಹೋಯಿತು. ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ. ಗಾಳಿಯ ಹರಿವು ಕಣ್ಣಿಗೆ ಕಾಣಲೆಂದು ಬಾಗಿಲ ಹಿಂದೆ ಅಂಟಿಸಿದ್ದ ನೂಲಿನ ತುಂಡುಗಳಲ್ಲಿ ಮೈಗೆ ಹತ್ತಿದವು ಸುಮ್ಮನೆ ಒದ್ದಾಡುತ್ತಿದ್ದವು. ಎರಡು ಬೆರಳು ಹೊರಗಿನ ಕಡ್ಡಿಗೆ ಕಟ್ಟಿದವು ಹಿಂದಕ್ಕೆ ನೆಟ್ಟಗೆ ಚಾಚಿ ನಿಂತಿದ್ದವು. ಹುಡುಗರು ಚಪ್ಪಾಳೆ ಹೊಡೆದರು, ಫೋಟೋ ತೆಗೆದರು. ಗಾಳಿಬಾಯಿ ಬದಲಾಯಿಸಿದೆ ಎಂದಷ್ಟೇ ನಾನು ಹೇಳಿದೆ. ಮೊದಲು ಆಡಿದ ಮಾತು ಹಾಗೇ ನಿಂತಿತು. ಹೇಳಿದರಾಯಿತು, ಹೊತ್ತು ಬರಲಿ ಎಂದುಕೊಂಡೆ. ನನ್ನಂಥವರಿಗೆ ಆ ಹೊತ್ತು ತಾನಾಗಿ ಬರುವುದಿಲ್ಲ.

ಒಂದು ಮಧ್ಯಾಹ್ನ ಕಾಕಾನ ಅಂಗಡಿಯಲ್ಲಿ ಕೂತಿದ್ದೆ. ಪೇಟೆಯ ಎಣ್ಣೆ ವ್ಯಾಪಾರಿಯೊಬ್ಬರು ಬಂದರು. ಅವರ ಅಂಗಡಿಯ ಡಬ್ಬಿಗಳೆಲ್ಲ ಕಾಕಾನವೇ. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಳು, ಆ ಮೊದಲ ಭಾನುವಾರ ಲೇಔಟಿನಲ್ಲೂ ಇದ್ದಳು. ವ್ಯಾಪಾರಿ ನಗುತ್ತಲೇ ಕೇಳಿದರು: "ಏನ್ರಿ, ಇತ್ತಿತ್ತಲಾಗ ನಿಮ್ಮ ಬೆಸಿಗಿ ಸೋರಾಕತ್ತಾವಂತ? ಮಗಳ ಅಂದ್ಲು, ಕಾಲೇಜ್ ಸರ್ ಹೇಳಿದ್ರಂತ." ಕಾಕಾ ಒಮ್ಮೆ ನನ್ನ ಕಡೆ ನೋಡಿ, ಕಣ್ಣು ತಗ್ಗಿಸಿ, "ವಯಸ್ಸಾತಲ್ರಿ," ಎಂದರು. ವ್ಯಾಪಾರಿ ಈ ಸಲ ಪ್ಲಾಸ್ಟಿಕ್ ಕ್ಯಾನು ನೋಡುತ್ತೇನೆ ಎನ್ನುತ್ತ ಹೋದರು. ನನ್ನ ಕೈಯಲ್ಲಿ ಕಾಕಾ ಕೊಟ್ಟ ಚಹಾ ಇತ್ತು. ಆ ಸರ್ ನಾನೇ, ಆ ಮಾತು ಸುಳ್ಳು ಎನ್ನಲು ಎರಡು ಉಸಿರು ಸಾಕಿತ್ತು. ನಾನು ಹೇಳಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಹೇಸಿಗೆ ನನ್ನ ಮೇಲೆ ನನಗೇ ಆದದ್ದು ಇನ್ನೊಂದು ದಿನ ಇಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ. "ಅಂಗಡ್ಯಾಗ ಹೇಳಿದ್ರ ಮುಗಿಯಂಗಿಲ್ಲರಿ. ಯಾರ ಮುಂದ ಅಂದೀರೋ ಅವರ ಮುಂದನ ಹೇಳಬೇಕು," ಎಂದಳು.

ನಾನು ಕಾಕಾನನ್ನು ಕಾಲೇಜಿಗೆ ಕರೆದೆ, ಕೊಳವೆಗಳ ಬಗ್ಗೆ ಹುಡುಗರಿಗೆ ನಾಲ್ಕು ಮಾತು ಹೇಳಿ ಎಂದು. ನೋಡೋಣಂತ್ರಿ ಎಂದರು. ಎರಡನೆಯ ಸಲ ಕರೆದಾಗಲೂ ಅದೇ. ಮೂರನೆಯ ಸಲ ನನ್ನ ಮುಖದಲ್ಲಿ ಏನು ಕಂಡಿತೋ, "ಆತಲ್ರಿ" ಎಂದರು. ಅದೇ ಇಸ್ತ್ರಿ ಅಂಗಿ ತೊಟ್ಟು ಬಂದು, ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರದೆ ಬಾಗಿಲ ಬಳಿ ನಿಂತರು. ಹನ್ನೆರಡು ಜನರೂ ಇದ್ದರು, ಎಣ್ಣೆ ವ್ಯಾಪಾರಿಯ ಮಗಳೂ ಮೊದಲ ಬೆಂಚಿನಲ್ಲಿದ್ದಳು. ಮೇಜಿನ ಮೇಲೆ ಪೇಪರು ಹಾಸಿ ನಾನು ಹಿಂದಿನ ದಿನವೇ ಆ ಮೊದಲ ಕೊಳವೆಯನ್ನು ನೀರು ತುಂಬಿ ನಿಲ್ಲಿಸಿದ್ದೆ. ಅದನ್ನು ಎತ್ತಿ ಪೇಪರು ತೋರಿಸಿದೆ. ಅಂದು ಲೇಔಟಿನಲ್ಲಿ ನಾನು ಹೇಳಿದ್ದು ಸುಳ್ಳು, ಬೆಸುಗೆ ಆಗಲೂ ಸೋರಿರಲಿಲ್ಲ ಈಗಲೂ ಸೋರಿಲ್ಲ, ತಪ್ಪಿದ್ದು ನನ್ನ ನಕಾಶೆಯಲ್ಲಿ, ಈಗ ಕಾರು ಓಡುತ್ತಿರುವುದು ಇವರೇ ಯೋಚಿಸಿ ಮಾಡಿದ ಗಾಳಿಬಾಯಿಯಿಂದ ಎಂದೆ. ತಪ್ಪೆಲ್ಲ ನನ್ನದೇ ಎಂದು ಮುಗಿಸಿದೆ.

"ಇಲ್ರಿ," ಎಂದರು ಕಾಕಾ.

ನಾನು ತಿರುಗಿ ನೋಡಿದೆ. ಅವರ ಬಾಯಲ್ಲಿ ಆ ಶಬ್ದವನ್ನು ಅಂದೇ ಮೊದಲು ಕೇಳಿದ್ದು.

"ಸರ್ ಅರ್ಧ ಹೇಳ್ಯಾರ. ಆ ಬಾಯಿ ಗಾಳಿ ಕುಡಿಯಂಗಿಲ್ಲಂತ ನನಗ ತಗಡ ಕತ್ತರಿಸೂಮುಂದನ ಗೊತ್ತಿತ್ತು. ಗೊತ್ತಿದ್ದೂ ಸುಮ್ನ ಮಾಡಿಕೊಟ್ಟೆ. ಸರ್ ಏನ ಅನಕೋತಾರೋ ಅಂತ ಅಂಜಿದೆ. ನಾ ಮಾತಾಡಿದ್ರ ಕಾರ್ ಅವತ್ತ ನಿಲ್ಲತಿದ್ದಿಲ್ಲ." ಟೊಪ್ಪಿಗೆಯನ್ನು ತೆಗೆದು ಮತ್ತೆ ಹಾಕಿಕೊಂಡರು. "ನೀವು ಹಂಗ ಮಾಡಬ್ಯಾಡ್ರಿ. ಕಲಿಸೋರು ಹೇಳಾಕತ್ತಾರಂತ ಸುಮ್ನ ಕುಂದರಬ್ಯಾಡ್ರಿ. ತಪ್ಪ ಕಂಡ್ರ ಅಲ್ಲೇ ಅನ್ರಿ."

ಆಮೇಲೆ ವ್ಯಾಪಾರಿಯ ಮಗಳು ಎದ್ದು ನಿಂತಳು. "ಕಾಕಾರ, ಮನ್ಯಾಗ ನಾನ ಹೇಳಿದ್ದೆ ನಿಮ್ಮ ಬೆಸಿಗಿ ಸೋರತಾವಂತ. ಇವತ್ತ ಹೋಗಿ ಅಪ್ಪಗ ಖರೇ ಏನಂತ ಹೇಳತೇನಿ," ಎಂದಳು. ಕಾಕಾ ಕೈ ಮುಗಿದರು. ಅವಳು ಕೂರಲಿಲ್ಲ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಮತ್ತ ಸರ್, ನಿನ್ನಿ ನೀವು ಬೋರ್ಡ್ ಮ್ಯಾಲ ಮಾಡಿದ ಲೆಕ್ಕದಾಗ ಎರಡನೇ ಸಾಲು ತಪ್ಪೈತ್ರಿ."

ಬೋರ್ಡು ಇನ್ನೂ ಒರೆಸಿರಲಿಲ್ಲ. ಬಾಗಿಲ ಬಳಿ ಕಾಕಾ ಬಾಯಿಗೆ ಟವೆಲ್ಲು ಒತ್ತಿಕೊಂಡು ನಗುತ್ತಿದ್ದರು, ಭುಜ ಕುಣಿಯುತ್ತಿತ್ತು. ನಾನು ತಿರುಗಿ ಎರಡನೆಯ ಸಾಲನ್ನು ಓದಿದೆ. ತಪ್ಪಿತ್ತು.